ಗಾಲಿಮನೆಯ ಹಿಂದೆ ಕಟ್ಟಿದ ಕಾರು

ಊರು ಬರುವುದನ್ನು ನಾನು ನೋಡಿದವನಲ್ಲ. ಊರು ಹೋಗುವುದನ್ನು ಮಾತ್ರ ನೋಡಿದವನು. ಇದನ್ನು ವೈರಾಗ್ಯದ ಮಾತೆಂದು ತಿಳಿಯಬೇಡಿ, ಉದ್ಯೋಗದ ಮಾತು. ನಾನು ರೈಲಿನಲ್ಲಿ ಗಾರ್ಡ್ ಆಗಿದ್ದೆ. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಂದು ಸೀಟಿ, ಎರಡು ಬಾವುಟ ಹಿಡಿದು ನಿಂತು, ಹಿಂದಕ್ಕೆ ಓಡುವ ಹಳಿಗಳನ್ನು ನೋಡುತ್ತ ಸೇವೆಯನ್ನೆಲ್ಲ ಮುಗಿಸಿದೆ. ಹಳ್ಳ, ಮಾವಿನ ತೋಪು, ಗೇಟಿನ ಹತ್ತಿರ ಕಾಯುತ್ತ ನಿಂತ ಎತ್ತಿನ ಗಾಡಿ, ಎಲ್ಲವೂ ಮೊದಲು ಇಂಜಿನ್ನಿನ ಡ್ರೈವರನಿಗೆ ಎದುರಾಗಿ, ಆಮೇಲೆ ಪ್ರಯಾಣಿಕರ ಕಿಟಕಿಗಳನ್ನೆಲ್ಲ ದಾಟಿ, ಎಲ್ಲರೂ ಉಂಡೆದ್ದ ಪಂಕ್ತಿಯಲ್ಲಿ ಉಳಿದ ಸಾರಿನಂತೆ ಕೊನೆಗೆ ನನ್ನ ಪಾಲಿಗೆ ಬರುತ್ತಿದ್ದವು. ನಿವೃತ್ತನಾದ ದಿನ ಜೊತೆಯವರು ಹಾರ ಹಾಕಿ, ‘ಇನ್ನ ಏನ್ ಮಾಡೋ ವಿಚಾರ ಅದರಿ?’ ಎಂದು ಕೇಳಿದರು. ನನ್ನ ಉತ್ತರ ಸಿದ್ಧವಿತ್ತು. ‘ಯಾವುದಾದ್ರೂ ಒಂದು ಗಾಡ್ಯಾಗ ಮುಂದ ಕೂಡತೀನಿ’ ಎಂದೆ. ಅವರು ಚಪ್ಪಾಳೆ ತಟ್ಟಿದರು. ನಾನು ತಮಾಷೆ ಮಾಡಿದೆನೆಂದು ತಿಳಿದರು.

ನಮ್ಮ ಬಸವಕಲ್ಯಾಣಕ್ಕೆ ರೈಲಿಲ್ಲ. ಆದ್ದರಿಂದ ನಾನು ಗಾರ್ಡ್ ಎಂದರೆ, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವವನೆಂದೇ ಓಣಿಯ ಬಹಳ ಜನ ನಂಬಿದ್ದರು. ರಜೆಯಲ್ಲಿ ಬಂದಾಗ, ‘ಬಂದೂಕ್ ಮನಿಗಿ ತರಾಂಗಿಲ್ಲೇನ್ರಿ?’ ಎಂದು ಕೇಳುತ್ತಿದ್ದರು. ಈಗ ಗಾರ್ಡ್ ಎಂಬ ಹೆಸರನ್ನೇ ತೆಗೆದು ಟ್ರೇನ್ ಮ್ಯಾನೇಜರ್ ಎಂದು ಮಾಡಿದ್ದಾರೆ. ಹೆಸರು ಬೆಳೆದಿದೆ, ಡಬ್ಬಿ ಮಾತ್ರ ಕಡೆಯದೇ. ಇರಲಿ. ಕೆಲಸ ಹೋದರೂ ಅದರ ಶಿಸ್ತು ನನ್ನ ಮೈಯಿಂದ ಇಳಿಯಲಿಲ್ಲ. ಮನೆಯಲ್ಲಿ ಏಳುವುದು, ಸ್ನಾನ, ಊಟ, ಪೇಪರು ಎಲ್ಲಕ್ಕೂ ಒಂದು ಕ್ರಮವಿದೆ, ಕ್ರಮ ತಪ್ಪಿದರೆ ಸೀಟಿ ಇದೆ. ನನ್ನ ಹೆಂಡತಿ ಮಹಾದೇವಿ ತಾಳ್ಮೆಯ ಹೆಂಗಸು. ಬೀಗರೆದುರು ಒಮ್ಮೆ ಮಾತ್ರ, ‘ನಮ್ಮ ಮನ್ಯಾಗ ಎರಡು ಸೀಟಿ ಊದತಾವ್ರಿ. ಒಂದು ಕುಕ್ಕರ್‌ದು. ಅದು ಊದಿದಾಗ ಏನಾರ ಬೆಂದಿರತದ’ ಎಂದಿದ್ದಳು.

ಮುಂದೆ ಕೂಡುವ ನನ್ನ ಆಸೆಗೆ ಗಾಲಿ ಹಚ್ಚಿದವನು ಅವಳ ತಮ್ಮ ಶಿವಶರಣ. ಹುಮನಾಬಾದಿನವನು, ಲಗ್ನದ ಬಸ್ಸುಗಳನ್ನು ಓಡಿಸಿ ಅನುಭವವಿದ್ದವನು. ಒಂದು ಹಳೆಯ ಶಾಲಾ ಮಿನಿಬಸ್ಸು ಸಿಕ್ಕಿತು, ಅದನ್ನು ಮನೆ ಮಾಡಿಸೋಣ, ಮೂವರೂ ಊರೂರು ತಿರುಗೋಣ ಎಂದ. ಇತ್ತೀಚೆಗೆ ಇದೊಂದು ಹುಚ್ಚು ಬಂದಿದೆಯಂತೆ. ಮನೆಯಲ್ಲಿ ಕೂತು ಬೇಜಾರಾಗಿದೆ, ಹೊರಗೆ ಹೋಗೋಣ ಎಂದವರು ಒಲೆ, ಹಾಸಿಗೆ, ಸಿಂಟೆಕ್ಸು ಎಲ್ಲವನ್ನೂ ಹೇರಿಕೊಂಡು, ಆ ಬೇಜಾರಾದ ಮನೆಯನ್ನೇ ಸಂಗಡ ಒಯ್ಯುವುದು. ಹುಮನಾಬಾದಿನ ವೆಲ್ಡಿಂಗ್ ಅಂಗಡಿಯಲ್ಲಿ ಮಕ್ಕಳ ಬೆಂಚುಗಳನ್ನು ಕಿತ್ತು ಮಂಚ ಕೂಡಿಸಿದರು, ಕಟ್ಟೆ ಮಾಡಿ ಗ್ಯಾಸ್ ಇಟ್ಟರು. ಮಹಾದೇವಿ ಅದಕ್ಕೆ ಗಾಲಿಮನಿ ಎಂದು ಹೆಸರಿಟ್ಟಳು. ನಾನು ಈ ಯಾವುದರಲ್ಲಿಯೂ ತಲೆ ಹಾಕಲಿಲ್ಲ. ನಾನು ತಲೆ ಹಾಕಿದ್ದು ಒಂದೇ ವಿಷಯಕ್ಕೆ, ಡ್ರೈವರನ ಮಗ್ಗುಲಿನ ಸೀಟು. ದಪ್ಪ ಮೆತ್ತೆ, ಎರಡೂ ಕಡೆ ತೋಳು ಇಡಲು ಜಾಗ, ಬೆನ್ನಿಗೆ ಆನಿಕೆ, ಎದುರಿಗೆ ಆ ಕಡೆಯಿಂದ ಈ ಕಡೆಯವರೆಗೆ ಒಂದೇ ಗಾಜು. ಸೀಟು ಹೊಲಿಯುವವನು, ‘ಯಜಮಾನ್ರ, ಇದು ಮದಿಮಗಾ ಕೂಡೋ ಕುರ್ಚಿ ಆತು’ ಎಂದ. ಸ್ವಲ್ಪ ಹಾಗೇ ಇತ್ತು.

ಮೊದಲ ಸವಾರಿ ನಾರಾಯಣಪುರಕ್ಕೆ. ಶಿವನ ಗುಡಿ ನೋಡಿ, ಒಂದು ಬೇವಿನ ಮರದ ನೆರಳಿಗೆ ಗಾಲಿಮನೆ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಪರದೆ ಬಿಟ್ಟು, ಗ್ಯಾಸ್ ಹಚ್ಚಿದ ಮೇಲೆ ಕೊತ್ತಂಬರಿ ಇಲ್ಲವೆಂದು ಗೊತ್ತಾಯಿತು. ಕೊತ್ತಂಬರಿ ಬೇಕೆಂದರೆ ಊರಿಗೆ ಬರಬೇಕು. ಊರಿಗೆ ಬರಬೇಕೆಂದರೆ ಗ್ಯಾಸ್ ಆರಿಸಿ, ಪಾತ್ರೆ ಕಟ್ಟಿ, ಪರದೆ ಎತ್ತಿ, ಕಲ್ಲು ತೆಗೆದು ಇಡೀ ಮನೆಯೇ ಬರಬೇಕು. ಬಂದೆವು. ಸಂತೆಯ ಓಣಿಯಲ್ಲಿ ಗಾಲಿಮನೆ ಸಿಕ್ಕಿಕೊಂಡು, ಒಂದು ಕಡೆ ಬಳೆ ಅಂಗಡಿ, ಇನ್ನೊಂದು ಕಡೆ ಬಾಳೆಹಣ್ಣಿನ ಬಂಡಿ, ಹಿಂದೆ ಹೋಗಲಾಗದು, ಮುಂದೆ ಹೋಗಲಾಗದು. ಬಳೆ ಅಂಗಡಿಯವನು ಕಿಟಕಿಯಲ್ಲಿ ಇಣುಕಿ, ‘ವೈನೀ, ಬ್ಯಾಳಿ ಚಲೋ ಬೆಂದದ, ವಾಸನಿ ಬಂತು’ ಎಂದ. ಮಹಾದೇವಿ ನನ್ನ ಕಡೆ ತಿರುಗಿ, ‘ಒಂದು ಸೂಡು ಕೊತಂಬ್ರಿ ತರಾಕ ಇಡೀ ಮನಿ ಸಂತಿಗಿ ಬರಬೇಕೇನ್ರಿ?’ ಎಂದು ಕೇಳಿದಳು. ಪ್ರಶ್ನೆ ನ್ಯಾಯವಾಗಿತ್ತು.

ಇದಕ್ಕೆ ಉಪಾಯ ಶಿವಶರಣನ ಫೋನಿನಲ್ಲಿತ್ತು. ಪರದೇಶದವರು ಇಂಥ ಮನೆಗಳ ಹಿಂದೆ ಒಂದು ಸಣ್ಣ ಕಾರನ್ನು ಕಬ್ಬಿಣದ ಸಲಾಕೆಯಿಂದ ಕಟ್ಟಿ ಎಳೆದೊಯ್ಯುತ್ತಾರಂತೆ. ಮನೆ ಒಂದು ಕಡೆ ನಿಲ್ಲಿಸಿ, ಕಾರು ಬಿಚ್ಚಿಕೊಂಡು ಊರೊಳಗೆ ಹೋಗುವುದು. ವಿಚಾರ ಒಪ್ಪಿಗೆಯಾಯಿತು. ಒಂದು ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ ಜೋಡಿಸುವುದು ನನ್ನ ವಿದ್ಯೆ, ಆದ್ದರಿಂದ ಕಾರು ಆರಿಸುವ ಕೆಲಸ ನನ್ನದೇ ಎಂದು ಘೋಷಿಸಿದೆ.

ನಮ್ಮ ಕಡೆ ಕಾರು ಕೊಳ್ಳುವವನಿಗೆ ಸಲಹೆ ಕೊಡದವನು ಊಟವನ್ನೂ ಮಾಡುವುದಿಲ್ಲ. ಕ್ಷೌರದಂಗಡಿಯಿಂದ ಹಿಡಿದು ಲಗ್ನದ ಮಂಟಪದವರೆಗೆ ಎಲ್ಲರೂ ಕೇಳಿದ್ದು, ‘ಲೀಟರಿಗಿ ಆವರೇಜ್ ಎಷ್ಟ ಕೊಡತದ?’ ಇದು ತಾನಾಗಿ ಓಡುವ ಕಾರಲ್ಲ, ಎಳೆದುಕೊಂಡು ಹೋಗುವ ಕಾರು ಎಂದರೆ, ‘ಯಾಕ, ಕೆಟ್ಟದೇನು?’ ಕೆಟ್ಟಿಲ್ಲ, ಚೆನ್ನಾಗಿದೆ ಎಂದರೆ, ‘ಚಲೋ ಇದ್ದ ಗಾಡಿ ಯಾಕ ಎಳೀತೀರಿ?’ ವಿವರಿಸಿದರೆ ಕೊನೆತನಕ ಗಂಭೀರವಾಗಿ ಕೇಳಿ, ‘ಅದೆಲ್ಲಾ ಬರೋಬ್ಬರಿ. ಆದ್ರ ಆವರೇಜ್?’ ಎನ್ನುತ್ತಿದ್ದರು. ನನ್ನ ಸಂಬಂಧಿಕರೊಬ್ಬರು ಮಾತ್ರ, ಎಳೆಯುವ ಕಾರು ಯಾವಾಗಲೂ ಬಿಳಿಯದಾಗಿರಬೇಕು ಎಂದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಹಳೆಯ ಕಾರುಗಳ ದಲ್ಲಾಳಿ ಮೌಲಾಸಾಬ ನನ್ನ ಬಾಲ್ಯದ ಗೆಳೆಯ. ಅವನ ಅಂಗಳದಲ್ಲಿ ಬಗೆಬಗೆಯ ಕಾರುಗಳು ಬಿಸಿಲು ಕಾಯಿಸುತ್ತ ನಿಂತಿರುತ್ತವೆ. ನಾನು ಅಳತೆಯ ಟೇಪು, ಗಾಲಿ ನೋಡುವ ಕನ್ನಡಕ, ಬಂಪರ್ ಬಡಿಯಲು ಒಂದು ಸಣ್ಣ ಸುತ್ತಿಗೆ ಹಿಡಿದು ಹೋದೆ. ರೈಲಿನ ಗಾಲಿಯನ್ನು ಬಡಿದು ಅದರ ದನಿ ಕೇಳಿ ಬಿರುಕು ಹಿಡಿಯುವವರನ್ನು ನೋಡಿ ಕಲಿತದ್ದು. ಕಾರಿನ ಬಂಪರ್ ಪ್ಲಾಸ್ಟಿಕ್ಕಿನದು, ಯಾವ ದನಿಯನ್ನೂ ಕೊಡಲಿಲ್ಲ. ಆದರೂ ಎಲ್ಲವನ್ನೂ ಬಡಿದೆ.

‘ಬಡದಿದ್ದು ಸಾಕು, ಕುಂತ್ ನೋಡ್ರಿ ಗಾರ್ಡ್ ಸಾಹೇಬ್ರ’ ಎಂದ ಮೌಲಾಸಾಬ, ಒಂದು ಕಾರಿನ ಬಾಗಿಲು ತೆಗೆದು. ‘ಸೀಟ್ ಏಕದಂ ಮಸ್ತ್ ಅದ. ಹಾಸಿಗ್ಯಾಗ ಕುಂತಂಗ. ಏಸೀನೂ ಕೆಟ್ಟಿಲ್ಲ, ಥಂಡಿ ಹೊಡೀತದ.’

‘ಕೂಡೋದು ಯಾಕ? ಎಳಕೊಂಡ್ ಹೋಗೋ ಕಾರ್ ಅದ. ಖಾಲಿ ಹೋಗತದ.’

‘ಅಂದ್ರ ಇಂಜಿನ್ ಆದ್ರೂ ಯಾಕ ಬೇಕು? ಇಂಜಿನ್ ಇಲ್ಲದ್ದೊಂದು ಹಿತ್ತಲದಾಗ ಅದ. ಕೋಳಿ ಮಲಗತಾವ. ಕೋಳಿ ಸಮೇತ ಒಯ್ಯರಿ.’

ನಾನು ನಗಲಿಲ್ಲ. ಏಸಿ ಎಂದರೆ ತೂಕ. ದಪ್ಪ ಸೀಟು ಎಂದರೆ ತೂಕ. ಎಳೆಯುವ ಗಾಡಿಗೆ ತೂಕವೇ ವೈರಿ ಎಂದು ಅವನಿಗೆ ವಿವರಿಸಿ, ಆ ಮಸ್ತ್ ಸೀಟಿನ ಕಾರನ್ನು ತಳ್ಳಿಹಾಕಿದೆ. ಕಡೆಗೆ ಆರಿಸಿದ್ದು ಮೂಲೆಯಲ್ಲಿ ನಿಂತಿದ್ದ, ಪುಟ್ಟದಾದ, ಹಗುರವಾದ, ಏಸಿ ಇಲ್ಲದ ಬಿಳಿ ಕಾರು. ಬಿಳಿದಾದದ್ದು ಆಕಸ್ಮಿಕ, ಆದರೆ ನನ್ನ ಸಂಬಂಧಿಕರು ಇಂದಿಗೂ ಅದು ತಮ್ಮ ಸಲಹೆ ಎನ್ನುತ್ತಾರೆ. ಮೌಲಾಸಾಬ ಪ್ರಾಮಾಣಿಕ. ‘ಇದರ ಸೀಟ್ ಜರಾ ಖರಾಬ್ ಅದ’ ಎಂದು ತಾನೇ ಹೇಳಿದ. ‘ಒಮ್ಮಿ ಕುಂತಾದ್ರೂ ನೋಡ್ರಿ.’ ನಾನು ಕೂಡಲಿಲ್ಲ. ಶಿವಶರಣ ಅದನ್ನು ಹುಮನಾಬಾದಿನವರೆಗೆ ಓಡಿಸಿಕೊಂಡು ಹೋಗಿ, ಇಳಿದವನು ಸೊಂಟ ಹಿಡಿದುಕೊಂಡು ಫೋನು ಮಾಡಿದ. ‘ಮಾಮಾ, ಡ್ರೈವರ್ ಸೀಟಿನ ಸ್ಪ್ರಿಂಗ್ ಮ್ಯಾಲ ಬಂದದ. ಬದಲಿ ಮಾಡಿಸಲೇನು?’ ಬೇಡ ಎಂದೆ. ಯಾರೂ ಕೂಡದ ಸೀಟಿಗೆ ಖರ್ಚು ಮಾಡುವುದು ಶಿಸ್ತಿನ ಲಕ್ಷಣವಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಸಲಾಕೆ ಕೂಡಿಸಿದ ದಿನ ನಾನೇ ಮುಂದೆ ನಿಂತು ಎಲ್ಲ ನಿಯಮ ಪಾಲಿಸಿದೆ. ಗಾಲಿಮನೆಯ ಬೆನ್ನ ಮೇಲೆ ಪೇಂಟರನಿಂದ ದೊಡ್ಡ ಅಕ್ಷರದಲ್ಲಿ ‘ಅಂತರ ಕಾಪಾಡಿ’ ಎಂದು ಬರೆಸಿದೆ. ಕಾರಿನ ಹಿಂದೆ ಕೆಂಪು ದೀಪ ಹಚ್ಚಿ, ರೈಲಿನ ಕಡೆಯ ಡಬ್ಬಿಗೆ ತೂಗುಹಾಕುವಂತೆ ‘ಎಲ್‌ವಿ’ ಎಂಬ ಹಲಗೆ ಕಟ್ಟಿದೆ. ‘ಲಾಸ್ಟ್ ವೆಹಿಕಲ್’, ಕಡೆಯ ಡಬ್ಬಿ ಇದೇ, ಹಿಂದೆ ಇನ್ನೇನೂ ಉಳಿದಿಲ್ಲ ಎಂದು ಅದರ ಅರ್ಥ. ಚಹದಂಗಡಿಯ ಒಬ್ಬರು ಹಲಗೆಯನ್ನು ಬಹಳ ಹೊತ್ತು ನೋಡಿ, ‘ಎಲ್.ವಿ. ಅಂದ್ರ ಯಾರ್ರಿ? ಈ ಸಲ ಇಲೆಕ್ಷನ್‌ಗಿ ನಿಂದರಾವ್ರೇನು?’ ಎಂದು ಕೇಳಿದರು. ಕಾರಿನ ಬಾಗಿಲಿಗೆ ಕೀಲಿ ಹಾಕಲು ಶಿವಶರಣ ಹೋದಾಗ ನಾನು ತಡೆದೆ. ಚಲಿಸುವ ಗಾಡಿಯ ಕಡೆಯ ಡಬ್ಬಿಯ ಬಾಗಿಲಿಗೆ ಕೀಲಿ ಹಾಕಬಾರದು. ಇದು ಎಲ್ಲಿಯ ನಿಯಮ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಪರೀಕ್ಷೆಯ ಓಟಕ್ಕೆ ದುಬಲಗುಂಡಿ ರಸ್ತೆ ಹಿಡಿದೆವು. ಗಾಡಿಗಳ ಗದ್ದಲ ಕಡಿಮೆ. ಮಹಾದೇವಿ ಒಳಗೆ ಮಂಚದ ಮೇಲೆ, ಶಿವಶರಣ ಸ್ಟೇರಿಂಗಿಗೆ, ನಾನು ನನ್ನ ಸೀಟಿನಲ್ಲಿ. ಆ ಹೊತ್ತಿನ ಸುಖವನ್ನು ಹೇಗೆ ಹೇಳಲಿ? ತೊಗರಿ ಹೊಲಗಳು ದೂರದಿಂದ ಬಂದವು. ಒಂದು ಬಾವಿ ಬಂತು. ಹೆಗಲ ಮೇಲೆ ಮೇವು ಹೊತ್ತ ಮನುಷ್ಯನೊಬ್ಬ ಮೊದಲು ಚುಕ್ಕೆಯಾಗಿ, ಆಮೇಲೆ ಮೇವಾಗಿ, ಆಮೇಲೆ ಮೀಸೆಯಾಗಿ ಬಂದ. ನಾನು ಆತನಿಗೆ ಕೈ ಎತ್ತಿದೆ. ಇಷ್ಟು ವರ್ಷ ನಾನು ಜನರ ಬೆನ್ನಿಗೆ ಕೈ ಬೀಸಿದವನು. ಮುಖ ಎದುರಾದಾಗ ಎಷ್ಟು ಬೇಗ ಕೈ ಎತ್ತಬೇಕೆಂದೇ ತಿಳಿಯದೆ ತೀರ ಮುಂಚೆ ಎತ್ತಿಬಿಟ್ಟೆ. ಅವನು ಹತ್ತಿರ ಬರುವವರೆಗೆ ಕೈ ಎತ್ತಿಕೊಂಡೇ ಇರಬೇಕಾಯಿತು.

ದುಬಲಗುಂಡಿಯ ಬಸ್ ನಿಲ್ದಾಣದ ಹತ್ತಿರ ನಿಂತೆವು. ನಾನು ಇಳಿದು ಸಲಾಕೆ ನೋಡಿದೆ, ಸರಿಯಾಗಿತ್ತು. ಅಷ್ಟರಲ್ಲಿ ಒಬ್ಬ ಹಿರಿಯರು ರುಮಾಲು ಸರಿಪಡಿಸಿಕೊಳ್ಳುತ್ತ ಬಂದು, ‘ಧಕ್ಕಾ ಕೊಡಬೇಕೇನ್ರಿ?’ ಎಂದರು. ಬೇಡ, ಗಾಡಿ ಚೆನ್ನಾಗಿದೆ ಎಂದೆ. ‘ಚಲೋ ಇದ್ದ ಗಾಡಿ ಯಾಕ ಕಟ್ಟೀರಿ?’ ಎಂದರು. ನನಗೆ ಉತ್ತರಿಸಿ ಸಾಕಾಗಿತ್ತು. ಮೂವರೂ ಹೋಟೆಲಿನಲ್ಲಿ ಚಹ ಕುಡಿದು ಬಂದು, ಗಾಡಿ ತಿರುಗಿಸಿ ಹುಮನಾಬಾದಿನ ಕಡೆ ಹೊರಟೆವು. ಹಿಂದೆ ಏನಿದೆ ಎಂದು ನಾನು ತಿರುಗಿ ನೋಡಲಿಲ್ಲ. ಹಿಂದೆ ನೋಡುವುದು ಮುಗಿಯಿತು ಎಂದುಕೊಂಡಿದ್ದೆ.

ಹುಮನಾಬಾದಿನ ಚೌಕಿನಲ್ಲಿ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಮೃದು. ಅವನ ಕಣ್ಣು ನಮ್ಮ ಮೇಲಿರಲಿಲ್ಲ. ನಾನು ಇಳಿದು ಹಿಂದೆ ಹೋಗಿ ನೋಡಿದರೆ, ನಮ್ಮ ಕಾರಿನ ತುಂಬ ಜನ. ಹಿಂದಿನ ಸೀಟಿನಲ್ಲಿ ಬದನೆಕಾಯಿ ಬುಟ್ಟಿಗಳೊಂದಿಗೆ ಮೂವರು ಹೆಂಗಸರು. ಮುಂದೆ ಧಕ್ಕಾ ಕೊಡಲು ಬಂದಿದ್ದ ಅದೇ ರುಮಾಲಿನ ಹಿರಿಯರು. ಡ್ರೈವರನ ಸೀಟಿನಲ್ಲಿ ಸ್ಟೇರಿಂಗ್ ಹಿಡಿದುಕೊಂಡು ಒಬ್ಬ ಮುದುಕಿ.

‘ಡ್ರೈವರ್ ಎಲ್ಲಿ ಹ್ವಾದ?’ ಎಂದು ಪೊಲೀಸ ಕೇಳುತ್ತಿದ್ದ.

‘ಮುಂದಿನ ಗಾಡ್ಯಾಗ ಕುಂತಾನ್ರಿ’ ಎಂದರು ಹಿರಿಯರು. ‘ಇದು ತಾನ ಹಿಂದ ಬರತದ. ಭಾಳ ಶ್ಯಾಣ್ಯಾ ಗಾಡಿ ಅದ.’

‘ನಿನ್ನ ಹತ್ರ ಲೈಸೆನ್ಸ್ ಅದ ಏನವ್ವಾ?’

‘ರೇಶನ್ ಕಾರ್ಡ್ ಅದಪ್ಪಾ. ಮನ್ಯಾಗ ಅದ.’

ನಾನು ಹಿರಿಯರನ್ನು ತರಾಟೆಗೆ ತೆಗೆದುಕೊಂಡೆ. ಡ್ರೈವರ್ ಇಲ್ಲದ ಕಾರಿನಲ್ಲಿ ಕೂಡಲು ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ. ಅವರು ಶಾಂತವಾಗಿ ಹೇಳಿದರು, ‘ಯಾಕ ಅಂಜಬೇಕ್ರಿ? ಡ್ರೈವರ್ ಇದ್ದ ಗಾಡಿ ಓವರ್‌ಟೇಕ್ ಮಾಡತದ, ಫೋನ್ ಹಚ್ಚತದ, ನಮ್ಮ ಕಡಿ ತಿರುಗಿ ಮಾತಾಡತದ. ಇದು ಏನೂ ಮಾಡಲಿಲ್ಲ. ಬಾಗಲಾ ತೆರದಿತ್ತು, ಸೀಟ್ ಖಾಲಿ ಇದ್ವು, ಬಸ್ ಬರಲಿಲ್ಲ.’ ನಮ್ಮ ಕಡೆ ಖಾಲಿ ಸೀಟು ಹೊತ್ತು ಹೋಗುವ ಗಾಡಿ ಎಂದರೆ ಎಲ್ಲರ ಗಾಡಿ. ಜೀಪಿನ ಹಿಂದೆ ಜೋತುಬಿದ್ದು ಬೆಳೆದವರ ಮುಂದೆ ಒಂದು ಇಡೀ ಕಾರನ್ನು ಖಾಲಿ ಒಯ್ಯುವ ಯೋಜನೆ ಹಾಕಿದ ನಾನೇ ಬುದ್ಧಿಗೇಡಿ. ಮುದುಕಿ ಸೊಂಟಕ್ಕೆ ಕೈ ಕೊಟ್ಟು ಇಳಿದು, ‘ಯಪ್ಪಾ, ಗಾಡಿ ಚಲೋ ಅದ, ಆದ್ರ ಈ ಸೀಟ್ ಭಾಳ ಚುಚ್ಚತದ’ ಎಂದು, ನನ್ನ ಕೈಯಲ್ಲಿ ಎರಡು ಬದನೆಕಾಯಿ ಇಟ್ಟು ಹೋದಳು.

‘ನೋಡ್ರಿ ಯಜಮಾನ್ರ’ ಎಂದ ಪೊಲೀಸ. ‘ಎಳಿಯೋ ಗಾಡ್ಯಾಗ ಸ್ಟೇರಿಂಗ್ ಮುಂದ ಲೈಸೆನ್ಸ್ ಇದ್ದಾವ್ರು ಒಬ್ಬರು ಕೂಡಬೇಕು. ಬ್ಯಾರೆ ಯಾರೂ ಕೂಡಬಾರದು. ಹಂಗ ರೂಲ್ ಅದ.’

ಶಿವಶರಣ ಕೈ ಮುಗಿದ. ‘ಹಿರ್ಯಾರು ಅದಾರ್ರಿ, ಗೊತ್ತಿದ್ದಿಲ್ಲ. ಇದೊಂದ್ಸಲ ಬಿಡ್ರಿ.’

‘ಆತು, ಹೋಗ್ರಿ. ಮುಂದಿನ ಸಲ ನೋಡಕೋರಿ’ ಎಂದು ಪೊಲೀಸ ಸರಿದು ನಿಂತ.

ಇಲ್ಲಿ ನಾನು ಸುಮ್ಮನೆ ಹೋಗಿ ನನ್ನ ಸೀಟಿನಲ್ಲಿ ಕೂತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವಿರಲಿಲ್ಲ. ಆದರೆ ನಿಯಮ ತಿಳಿದ ಮನುಷ್ಯನನ್ನು ನಡುಬೀದಿಯಲ್ಲಿ ಕಂಡು ನನಗೆ ಒಡಹುಟ್ಟಿದವನನ್ನು ಕಂಡಷ್ಟು ಸಂತೋಷವಾಗಿತ್ತು, ಮತ್ತು ಅವನೇ ಆ ನಿಯಮವನ್ನು ಬಿಟ್ಟುಕೊಟ್ಟದ್ದು ಕಂಡು ಅಷ್ಟೇ ದುಃಖವಾಗಿತ್ತು. ‘ರೂಲ್ ಇದ್ದ ಮ್ಯಾಲ ಮುಂದಿನ ಸಲ ಅಂದ್ರೇನ್ರಿ?’ ಎಂದೆ.

‘ನಾ ಬಿಟ್ಟೀನಲ್ರಿ ಸಾಹೇಬ್ರ.’

‘ನೀವ್ ಬಿಡಬಹುದು. ನಾ ಬಿಡಾಂವಲ್ಲ.’

ಹಿಂದೆ ಗಾಡಿಗಳು ಹಾರ್ನ್ ಬಾರಿಸತೊಡಗಿದವು. ಪೊಲೀಸ ಸಹಾಯಕ್ಕಾಗಿ ಶಿವಶರಣನ ಮುಖ ನೋಡಿದ. ‘ಸಾಹೇಬ್ರ, ದಯಮಾಡಿ ಹೋಗ್ರಿ, ಟ್ರಾಫಿಕ್ ಜಾಮ್ ಆಗಾಕತ್ತದ’ ಎಂದು ಅವನೇ ನನಗೆ ಕೈ ಮುಗಿದ. ನಾನು ಕದಲಲಿಲ್ಲ. ನಿಯಮದ ಪ್ರಕಾರವೇ ಇಲ್ಲಿಂದ ಹೊರಡುತ್ತೇವೆ, ಲೈಸೆನ್ಸ್ ಇದ್ದವರೇ ಹಿಂದೆ ಕೂಡುತ್ತಾರೆ ಎಂದು ಚೌಕಿನ ಜನರಿಗೆಲ್ಲ ಕೇಳುವಂತೆ ಹೇಳಿದೆ. ಮಹಾದೇವಿ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಲೈಸೆನ್ಸ್ ಇಲ್ಲ. ಗಾಲಿಮನೆ ಓಡಿಸುವುದು ಶಿವಶರಣನಿಗೆ ಮಾತ್ರ ಬರುತ್ತದೆ. ಕಾರಿನ ಲೈಸೆನ್ಸ್ ಕಿಸೆಯಲ್ಲಿಟ್ಟುಕೊಂಡು ಉಳಿದವನು ಯಾರೆಂದು ಚೌಕಿನಲ್ಲಿ ಎಲ್ಲರಿಗಿಂತ ಕಡೆಗೆ ತಿಳಿದದ್ದು ನನಗೇ.

‘ಹಂಗಾರ ಹತ್ತರಿ ಮತ್ತ’ ಎಂದಳು ಮಹಾದೇವಿ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಮುಂದೆ ಕೂಡಬಹುದಿತ್ತು. ‘ಏನೇನು ಬಂತು ಅಂತ ನಾ ನಿಮಗ ಎಲ್ಲಾ ಹೇಳತೀನಿ.’

ಪುಟ್ಟ ಬಿಳಿ ಕಾರಿನ ಡ್ರೈವರ್ ಸೀಟಿನಲ್ಲಿ ನಾನು ಮೊದಲ ಸಲ ಕೂತೆ. ಶಿವಶರಣ ಹೇಳಿದ್ದು ನಿಜ, ಸ್ಪ್ರಿಂಗ್ ಮೇಲೆ ಬಂದಿತ್ತು. ಮುದುಕಿ ಹೇಳಿದ್ದೂ ನಿಜ. ಏಸಿಯ ತೂಕ ಉಳಿಸಿದ್ದರಿಂದ ಒಳಗೆ ಹುಮನಾಬಾದಿನ ಮಧ್ಯಾಹ್ನ ಯಾವ ಅಡ್ಡಿಯೂ ಇಲ್ಲದೆ ತುಂಬಿಕೊಂಡಿತ್ತು. ನನ್ನ ಕೈಯಲ್ಲಿ ಸ್ಟೇರಿಂಗ್ ಇತ್ತು. ಅದು ತನ್ನಷ್ಟಕ್ಕೆ ತಿರುಗುತ್ತಿತ್ತು, ನಾನು ಗೌರವಕ್ಕಾಗಿ ಹಿಡಿದಿದ್ದೆ. ಕಣ್ಣೆದುರಿಗೆ ಹೊಲವಿಲ್ಲ, ಬಾವಿಯಿಲ್ಲ, ಆಕಾಶವೂ ಅರ್ಧವೇ. ಗಾಜಿನ ತುಂಬ ನನ್ನದೇ ಮನೆಯ ಬೆನ್ನು, ಅದರ ಮೇಲೆ ನಾನೇ ಬರೆಸಿದ ‘ಅಂತರ ಕಾಪಾಡಿ’. ಸಲಾಕೆಯಷ್ಟೇ ಅಂತರ, ಕಾಪಾಡಿದೆ. ಎರಡು ಕಡೆಯ ಕಿಟಕಿಗಳಲ್ಲಿ ಮಾತ್ರ ಗಿಡ ಮರಗಳು ಹಿಂದಕ್ಕೆ ಹೋಗುತ್ತಿದ್ದವು. ಅವನ್ನು ಕಂಡು ಮುಜುಗರದ ನಡುವೆಯೂ ಹಳೆಯ ಪರಿಚಯದವರನ್ನು ಕಂಡಂತಾಯಿತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಬಸವಕಲ್ಯಾಣಕ್ಕೆ ಹೊರಳುವ ಬಂಗ್ಲಾ ಕ್ರಾಸಿನಲ್ಲಿ ಗಾಡಿ ನಿಂತಿತು. ಮಹಾದೇವಿ ಗಾಲಿಮನೆಯಿಂದ ಚಹ ಮಾಡಿಕೊಂಡು ಇಳಿದು ಬಂದಳು. ಆ ಮದುಮಗನ ಸೀಟಿನಲ್ಲಿ ಕೂತು ಬಂದ ಅವಳ ಮುಖ ಹುಡುಗಿಯಂತಾಗಿತ್ತು. ನನ್ನ ಸಂಗಡ ಇಷ್ಟು ವರ್ಷ ಸಂಸಾರ ಮಾಡಿದವಳು, ಅವಳೂ ಎಂದೂ ಮುಂದೆ ಕೂತವಳಲ್ಲ ಎಂದು ನನಗೆ ಆಗ ಹೊಳೆಯಿತು. ಕೊಟ್ಟ ಮಾತಿನಂತೆ ಒಂದೊಂದಾಗಿ ಹೇಳತೊಡಗಿದಳು.

‘ರಾಜೇಶ್ವರ ಊರ ದಾಟಿದ ಮ್ಯಾಲ ಒಂದು ನವಿಲು ಬಂತು ನೋಡ್ರಿ, ರೋಡಿನ ನಡುವ. ನಮ್ಮ ಕಡೀನ ಬಂತು. ನೀವು ಕಂಡಿರೇನು?’

‘ಕಂಡೆ.’

‘ಹ್ಯಾಂಗಿತ್ತು?’

‘ಹೋಗಾಕತ್ತಿತ್ತು’ ಎಂದೆ.

ಅವಳು ಬಟ್ಟಲು ತೆಗೆದುಕೊಂಡು ಹೋಗಿ ಮುಂದೆ ಕೂತಳು. ಆದರೆ ಗಾಡಿ ಹೊರಡಲಿಲ್ಲ. ಶಿವಶರಣ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದೆ ನೋಡುತ್ತಿದ್ದ. ನಾನು ಕಿಸೆಯಿಂದ ಹಸಿರು ಬಾವುಟ ತೆಗೆದು ತೋರಿಸಿದೆ. ಆಗ ಮನೆ ಚಲಿಸಿತು.

ಮರುದಿನ ಮೌಲಾಸಾಬನ ಅಂಗಳಕ್ಕೆ ಹೋದೆ. ಟೇಪು, ಸುತ್ತಿಗೆ ಒಯ್ಯಲಿಲ್ಲ. ನಿಂತಿದ್ದ ಕಾರುಗಳ ಬಾಗಿಲು ಒಂದೊಂದಾಗಿ ತೆಗೆದು, ಡ್ರೈವರನ ಸೀಟಿನಲ್ಲಿ ಕೂತು, ಬೆನ್ನು ಆನಿಸಿ, ಸ್ವಲ್ಪ ಕುಣಿದು ನೋಡಿದೆ. ಹಿಂದೆ ತಳ್ಳಿಹಾಕಿದ್ದ ಆ ಮಸ್ತ್ ಸೀಟಿನ ಕಾರಿನಲ್ಲಿ ಬಹಳ ಹೊತ್ತು ಕೂತೆ. ಮೌಲಾಸಾಬ ಗಡ್ಡ ನೀವಿಕೊಳ್ಳುತ್ತ ಬಂದು, ‘ಇಂಜಿನ್ ಆದ್ರೂ ನೋಡ್ರಿ ಗಾರ್ಡ್ ಸಾಹೇಬ್ರ’ ಎಂದ.

‘ಇಂಜಿನ್ ಯಾಕ?’ ಎಂದೆ. ‘ಎಳಕೊಂಡ್ ಹೋಗೋ ಕಾರ್ ಅದ.’